ಹದಿನೇಳನೆಯ ತಿರುವು

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂಬ ಬಗ್ಗೆ ನನಗೂ ಅಪ್ಪನಿಗೂ ಜಗಳ ಇನ್ನೂ ಮುಗಿದಿಲ್ಲ. ದ್ರಾಕ್ಷಿಯಿಂದ ಎನ್ನುತ್ತೇನೆ ನಾನು. ಬ್ರೇಕ್ ಚೆಕ್ ಮಾಡುವುದರಿಂದ ಎನ್ನುತ್ತಾನೆ ಅವನು.

೧

ಮೊದಲ ಡ್ರಾಫ್ಟ್ ಹೀಗಿತ್ತು: ಬೆಟ್ಟದ ಇಳಿಜಾರಿನಲ್ಲಿ ದ್ರಾಕ್ಷಿ ಬಳ್ಳಿಗಳು ಬಾಚಿದ ಕೂದಲಿನಂತೆ ಸಾಲುಗಟ್ಟಿ ನಿಂತಿದ್ದವು. ಅಪ್ಪನಿಗೆ ಈಗ ಅಕ್ಷರ ಕಾಣುವುದಿಲ್ಲವಾದ್ದರಿಂದ ಓದಿ ಹೇಳಿದೆ. ಇರಬಹುದು, ನಾನು ನೋಡಿಲ್ಲ ಎಂದ. ಅದೇ ಕಣಿವೆಯಲ್ಲಿ ಮೂವತ್ತೊಂದು ವರ್ಷ ಟೂರಿಸ್ಟ್ ಬಸ್ ಓಡಿಸಿದವನು ಆಡುವ ಮಾತೇ ಇದು? (ಪಾತ್ರವೊಂದು ಮೊದಲ ವಾಕ್ಯಕ್ಕೇ ಕೈಕೊಟ್ಟರೆ ಕಥೆಗಾರ್ತಿ ಏನು ಮಾಡಬೇಕು? ಹಾಳೆ ಹರಿದು ಹಾಕಬೇಕು. ಹಾಕಿದೆ.)

೨

ಅವನು ಹೇಳಿದ್ದು ನಿಜ. ಅವನು ಬಲ್ಲದ್ದು ರಸ್ತೆಯನ್ನು ಮಾತ್ರ. ಇಪ್ಪತ್ತೆರಡು ತಿರುವುಗಳಲ್ಲಿ ಯಾವುದಕ್ಕೆ ಸೆಕೆಂಡ್ ಗೇರ್, ಎಲ್ಲಿ ಹಾರ್ನ್, ಎಲ್ಲಿ ಜಲ್ಲಿ ಜಾರುತ್ತದೆ, ಎಲ್ಲ ಬಾಯಿಪಾಠ. ಹದಿನೇಳನೆಯ ತಿರುವಿನಲ್ಲಿ ಕಣಿವೆ ಇಡಿಯಾಗಿ ತೆರೆದುಕೊಳ್ಳುತ್ತದಂತೆ. ಅಲ್ಲಿಗೆ ಬಂದ ಕೂಡಲೇ ಬಸ್ಸಿನ ನಲವತ್ತು ಜನರೂ ಒಟ್ಟಿಗೆ ‘ಆಹಾ’ ಎನ್ನುತ್ತಿದ್ದರು. ಆ ‘ಆಹಾ’ವನ್ನು ಅಪ್ಪ ಮೂವತ್ತೊಂದು ವರ್ಷ ಬೆನ್ನಿನಲ್ಲಿ ಕೇಳಿದ್ದಾನೆ. ಒಂದು ಸಲವೂ ಕತ್ತು ತಿರುಗಿಸಲಿಲ್ಲ. ಅಲ್ಲಿ ಗಾಡಿ ನಿಲ್ಲಿಸುವ ಹಾಗೂ ಇಲ್ಲ, ಹಿಂದಿನಿಂದ ಬರುವವರಿಗೆ ಕಾಣುವುದಿಲ್ಲ.

(ರಜೆಯ ದಿನ ಹೋಗಿ ನೋಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ರಜೆ ದಿನ ಯಾರಾದರೂ ಆಫೀಸಿಗೆ ಹೋಗುತ್ತಾರಾ ಎಂದು ನನ್ನನ್ನೇ ಕೇಳಿದ.)

೩

ಕಣ್ಣಿನ ಡಾಕ್ಟರ್ ಹೇಳಿದ್ದನ್ನು ಸರಳವಾಗಿ ಬರೆಯುತ್ತೇನೆ. ದೃಷ್ಟಿಯ ನಡುಭಾಗ ಹೋಗುತ್ತಿದೆ, ಅಂಚು ಉಳಿದಿದೆ. ನಡುವಿನ ಮಸುಕು ತಿಂಗಳು ತಿಂಗಳಿಗೂ ಅಗಲವಾಗುತ್ತಿದೆ. ನೋಡಬೇಕಾದ್ದನ್ನು ನೇರವಾಗಿ ನೋಡಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ, ಆಗ ಅದು ಕಾಣುತ್ತದೆ.

“ಪಕ್ಕಕ್ಕೆ ನೋಡೋನು ಡ್ರೈವರ್ರಾ?” ಎಂದ ಅಪ್ಪ.

ಮನೆಗೆ ಬಂದು, ಚಪ್ಪಲಿ ಬಿಡುತ್ತಾ, ಬೇರೆ ಯಾರದೋ ವಿಷಯ ಹೇಳುವವನಂತೆ ಹೇಳಿದ: “ಆ ಹದಿನೇಳನೇ ತಿರುವಲ್ಲಿ ಏನಿದೆ ಅಂತ ಒಂದ್ಸಲ ನೋಡ್ಬೇಕಿತ್ತು ಮಗಳೇ.”

೪

ಆ ತಿರುವು ತೋರಿಸಲು ನನ್ನ ಕಾರಿನಲ್ಲಿ ಹೊರಡಿಸಿದರೆ, ಹಿಂದಿನ ಸೀಟಿನಲ್ಲೇ ಕೂರುತ್ತೇನೆಂದು ಹಟ ಹಿಡಿದ. ಪ್ಯಾಸೆಂಜರ್ ಕೂರುವ ಜಾಗ ಅದೇ ಅಲ್ಲವೇ. ನಾನು ಆಮೆಯ ಹಾಗೆ ಓಡಿಸಿದೆ. ಕೊಯ್ಲು ಆಗಷ್ಟೇ ಮುಗಿದು ಬಳ್ಳಿಗಳ ಎಲೆಗಳು ಕೆಂಪಾಗಿ, ಹಳದಿಯಾಗಿ, ಕೆಲವು ಕಡೆ ಎರಡೂ ಆಗಿ ಹೊಳೆಯುತ್ತಿದ್ದವು. ಕಾರು ಸಾಗಿದಂತೆ ಪ್ರತಿಯೊಂದು ಸಾಲೂ ಗುಡ್ಡದ ನೆತ್ತಿಯವರೆಗೆ ಕ್ಷಣಹೊತ್ತು ತೆರೆದುಕೊಂಡು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಇಂಥದ್ದು ಭೂಮಿಯ ಮೇಲೆ ಇದೆಯಲ್ಲ ಎಂದುಕೊಂಡೆ. ಹಿಂದಿನ ಸೀಟು ಮಾತ್ರ, ಇಲ್ಲಿ ಗೇರ್ ಇಳಿಸು ಎಂದಿತು.

೬

(ಐದರಲ್ಲಿ ಬರೀ ಊಟವಿತ್ತು, ತೆಗೆದೆ.) ದಾರಿಯಲ್ಲಿ ವೈನ್ ತಯಾರಿಸುವ ಒಂದು ಮನೆಗೆ ಹೋದೆವು. ಪ್ರವಾಸಿಗರು ಒಳಗೆ ರುಚಿ ನೋಡುವಾಗ ಅಪ್ಪ ಹೊರಗೆ ಬಸ್ಸಿನ ಗಾಜು ಒರೆಸುತ್ತಿದ್ದ ಜಾಗ ಅದು. ಒಡತಿಗೆ ಅವನ ಮುಖದ ಗುರುತು ಸಿಗಲಿಲ್ಲ, ಆದರೆ ಹಾರ್ನಿನ ನೆನಪಿತ್ತು. ಗ್ಲಾಸು ಕೊಟ್ಟರೆ, ಡ್ಯೂಟಿಯಲ್ಲಿ ಕುಡಿಯಲ್ಲ ಎಂದುಬಿಟ್ಟ. ಅವಳು ನಕ್ಕು, ನೆಲಮಾಳಿಗೆಗೆ ಕರೆದೊಯ್ದು, ಹೊಸ ರಸ ತುಂಬಿದ ಪೀಪಾಯಿಗೆ ಅವನ ಕಿವಿ ಹಚ್ಚಿಸಿದಳು. ಒಳಗೆ ರಸ ಹುದುಗೆದ್ದು ಸಣ್ಣಗೆ ಗುಂಯ್‌ಗುಡುತ್ತಿತ್ತು. ಅಪ್ಪ ಉಸಿರು ಬಿಗಿಹಿಡಿದು ಬಹಳ ಹೊತ್ತು ಕೇಳಿದ.

“ಒಳ್ಳೆ ಐಡ್ಲಿಂಗು,” ಎಂದ, ನಿಂತ ಬಸ್ಸಿನ ಇಂಜಿನ್ ಸದ್ದು ಕೇಳಿದವನಂತೆ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿಲ್ಲ.

೭

ಹದಿನೇಳನೆಯ ತಿರುವು. ಹಾರ್ನ್ ಹೊಡೆದೆ, ತಿರುಗಿಸಿದೆ, ಕಾದೆ. ಹಿಂದಿನಿಂದ ಏನೂ ಕೇಳಲಿಲ್ಲ.

ಹದಿನೆಂಟು ದಾಟಿದ ಮೇಲೆ ಹೇಳಿದ: “ಎಲ್ಲಿ ನೋಡ್ತೀನೋ ಅಲ್ಲೇ ಬೂದಿ ಚೆಲ್ಲಿದ ಹಾಗಿದೆ.” ಕಿಟಕಿಗೆ ಮುಖ ಒತ್ತಿ ನೇರವಾಗಿ ನೋಡಿದ್ದಾನೆ ಪುಣ್ಯಾತ್ಮ.

ಅಂತ್ಯ ಒಂದು: ನಾನು ಅಲ್ಲೇ ಕಾರು ನಿಲ್ಲಿಸಿ ಅಳುತ್ತೇನೆ. (ನಿಲ್ಲಿಸುವ ಹಾಗಿಲ್ಲ.)

ಅಂತ್ಯ ಎರಡು: ನನ್ನ ಸಮಾಧಾನಕ್ಕೆ ಅಪ್ಪ ‘ಆಹಾ’ ಎಂದು ನಟಿಸುತ್ತಾನೆ, ನಾನು ನಂಬಿದಂತೆ ನಟಿಸುತ್ತೇನೆ. ಕಣ್ಣೀರು ತರಿಸುವ ಅಂತ್ಯವೆಂದು ಬೀಗುತ್ತಾ ಓದಿ ಹೇಳಿದರೆ ಅಪ್ಪನಿಗೆ ಕೆಟ್ಟ ಸಿಟ್ಟು ಬಂತು. ತಾನು ಯಾವತ್ತೂ ಸುಮ್ಮಸುಮ್ಮನೆ ಹಾರ್ನ್ ಹೊಡೆದವನಲ್ಲ ಎಂದ. ಆ ಅಂತ್ಯವನ್ನೂ ಹೊಡೆದುಹಾಕಿದೆ.

೮

ನಿಜವಾಗಿ ನಡೆದದ್ದು ಇಷ್ಟು. ಮೇಲೆ ಹೋಗಿ ಕಾರು ತಿರುಗಿಸಿಕೊಂಡು ಕೆಳಗಿಳಿದೆವು. ಮತ್ತೆ ಹತ್ತತೊಡಗಿದೆವು. ಡಾಕ್ಟರ ಮಾತು ನೆನಪಿಸಿದರೆ ಅವನು ಒಪ್ಪುವ ಆಸಾಮಿಯಲ್ಲ. ಹಾಗಾಗಿ ಬೇರೆ ಹೇಳಿದೆ.

“ಅಪ್ಪ, ಈ ಸಲ ಕಣಿವೆ ನೋಡ್ಬೇಡ. ಕನ್ನಡಿಲಿ ನನ್ನ ಕಣ್ಣು ನೋಡ್ತಿರು. ನಾನು ರಸ್ತೆ ಬಿಟ್ಟು ಆಚೀಚೆ ನೋಡಿದ್ರೆ ಬೈಬೇಕು.”

ಅದು ಡ್ಯೂಟಿ. ನೆಟ್ಟಗೆ ಕೂತ.

ಹದಿನೈದು. ಹದಿನಾರು. ಹಾರ್ನ್. ಸ್ಟಿಯರಿಂಗ್ ತಿರುಗಿಸಿದೆ. ಬೆಳಕು ಬದಲಾದದ್ದು ನನ್ನ ಕೈಗಳ ಮೇಲೆ ಗೊತ್ತಾಯಿತು. ಆಗ ಬೆನ್ನ ಹಿಂದೆ ಆ ಸದ್ದು ಬಂತು. ನಲವತ್ತು ಜನರ ಗದ್ದಲವಲ್ಲ, ಒಬ್ಬನ ಉಸಿರಿನಷ್ಟೇ ಸಣ್ಣದು.

“ಇಷ್ಟೆಲ್ಲ ನನ್ನ ಪಕ್ಕದಲ್ಲೇ ಇತ್ತಾ?” ಎಂದ ಅಪ್ಪ.

ಏನು ಕಾಣ್ತಿದೆ, ಹೇಳು ಎಂದು ಗೋಗರೆದೆ.

“ರಸ್ತೆ ನೋಡು,” ಎಂದ.

೯

ನೋಡಿದೆ. ಆದ್ದರಿಂದ ಈ ಕಥೆಯಲ್ಲಿ ಕಣಿವೆಯ ವರ್ಣನೆ ಇಲ್ಲ. ಬರೆಯುವವಳು ಆಗ ಗಾಡಿ ಓಡಿಸುತ್ತಿದ್ದಳು. ನೀವೋ, ಆರಾಮಾಗಿ ಹಿಂದೆ ಕೂತವರು. ಹೇಗಿತ್ತೆಂದು ನೀವೇ ಹೇಳಬೇಕು, ಅದನ್ನು ಕೇಳಲು ನನ್ನ ಬೆನ್ನು ಕಾಯುತ್ತಿದೆ.

ಇಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ, ನೀಟಾಗಿ ಮುಗಿಸು ಎನ್ನುತ್ತಾನೆ ಅಪ್ಪ. ಹದಿನೇಳನೆಯ ತಿರುವಿನಲ್ಲಿ ನಿಲ್ಲಿಸಬಾರದು ಎಂದು ಕಲಿಸಿದವನೂ ಅವನೇ. ಗಾಡಿ ಇನ್ನೂ ಸೆಕೆಂಡ್ ಗೇರಿನಲ್ಲೇ ಇದೆ.