ಕೆಂಪು ಮುಚ್ಚಳ, ನೀಲಿ ಮುಚ್ಚಳ

ಅಂಗಡಿಯಿಂದ ತಂದ ಯಾವ ವಸ್ತುವೂ ಅದರದೇ ಪೊಟ್ಟಣದಲ್ಲಿ ಉಳಿದರೆ ನಮ್ಮಕ್ಕನಿಗೆ ಸರಿಹೋಗುವುದಿಲ್ಲ. ಉಪ್ಪು, ಸಕ್ಕರೆ, ಬಟ್ಟೆ ಒಗೆಯುವ ಪುಡಿ, ಎಲ್ಲವನ್ನೂ ಒಂದೇ ಥರದ ಡಬ್ಬಿಗಳಿಗೆ ಸುರಿದು ಸಾಲಾಗಿ ನಿಲ್ಲಿಸಿದರೇ ಅವಳಿಗೆ ಸಮಾಧಾನ. ಒಮ್ಮೆ ಮನೆಗೆ ಬಂದವರಿಗೆ ಉಪ್ಪು ಹಾಕಿದ ಟೀ ಕೊಟ್ಟು, ಅವರು ಮುಖ ಸಿಂಡರಿಸಿದರೆ "ಸಿಹಿ ಸಾಲದಾ?" ಎಂದು ಅದೇ ಡಬ್ಬಿಯಿಂದ ಇನ್ನೊಂದು ಚಮಚ ಹಾಕಲು ಹೋದ ಪುಣ್ಯಾತ್ಗಿತ್ತಿ.

ಮಾತ್ರೆಗಳದೂ ಅದೇ ಪಾಡು. ತಂದ ದಿನವೇ ಹಾಳೆಯಿಂದ ಎಲ್ಲ ಬಿಡಿಸಿ, ನಾನು ಅಂಗಿಯ ಗುಂಡಿ ಹಾಕಿಡುತ್ತಿದ್ದ ಎರಡು ಸಣ್ಣ ಬಾಟಲಿಗಳಿಗೆ ತುಂಬಿಬಿಡುತ್ತಿದ್ದಳು. ಕೆಂಪು ಮುಚ್ಚಳದ್ದರಲ್ಲಿ ಅವಳ ಬಿಪಿ ಮಾತ್ರೆ, ನೀಲಿ ಮುಚ್ಚಳದ್ದರಲ್ಲಿ ನನ್ನ ವಿಟಮಿನ್ ಮಾತ್ರೆ. ಎರಡೂ ಬಿಳಿ, ಎರಡೂ ಗುಂಡಗೆ, ಸಣ್ಣಗೆ.

ನಾನು ದರ್ಜಿ. ಮಿಷನ್ ಮುಂದೆ ಬಗ್ಗಿ ಬಗ್ಗಿ ಬೆನ್ನು ಗೂನಾಗುತ್ತಿತ್ತು. ಈ ವಯಸ್ಸಿನ ಮೂಳೆಗೆ ಭಾರ ಎತ್ತುವುದೇ ಮದ್ದು ಎಂದು ಡಾಕ್ಟರು ಹೇಳಿದಾಗ ಪಕ್ಕದ ಬೀದಿಯ ಜಿಮ್‌ಗೆ ಸೇರಿದೆ. ಅಕ್ಕ ಬಿದ್ದು ಬಿದ್ದು ನಕ್ಕಳು.

"ಮನೇಲಿ ಒಂದು ಬಕೆಟ್ ನೀರು ಎತ್ತೆ ಅಂದ್ರೆ ಸೊಂಟ ನೋವು ಅಂತೀಯ. ಅಲ್ಲಿ ದುಡ್ಡು ಕೊಟ್ಟು ಕಬ್ಬಿಣ ಎತ್ತೋಕೆ ಹೋಗ್ತೀಯಾ ಪುಟ್ಟಿ?"

ತಲೆ ನರೆತರೂ ಅವಳಿಗೆ ನಾನು ಪುಟ್ಟಿಯೇ. ಅಮ್ಮ ಹೋದ ಮೇಲೆ ನನ್ನನ್ನು ಎತ್ತಿ ಆಡಿಸಿದ್ದು, ಶಾಲೆಗೆ ಕಳಿಸಿದ್ದು, ಮಿಷನ್ ಕೊಡಿಸಿದ್ದು ಎಲ್ಲ ಅವಳೇ. ಅವಳು ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ. ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ನಾವಿಬ್ಬರೇ ಕಿತ್ತಾಡಿಕೊಂಡು ಸುಖವಾಗಿದ್ದೆವು.

ಜಿಮ್ಮಿನಲ್ಲಿ ಕಲಿಸುವವನು ಗಾತ್ರದಲ್ಲಿ ಆನೆ. ಆದರೆ ಬೆಳಗಿನಿಂದ ಸಂಜೆವರೆಗೆ "ಉಸಿರು ಕಟ್ಟಬೇಡಿ, ಉಸಿರು ಬಿಡಿ" ಎಂಬ ಒಂದೇ ಪಾಠ ಒಪ್ಪಿಸುತ್ತಿದ್ದ. ಹಾಗಾಗಿ ನಾನವನಿಗೆ ಗಿಣಿ ಎಂದು ಹೆಸರಿಟ್ಟಿದ್ದೆ. ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ತೂಕ ಏರಿತು, ನನ್ನ ಜಂಬವೂ ಏರಿತು.

ಆಮೇಲೆ ಒಂದು ಬೆಳಗ್ಗೆ ಕಬ್ಬಿಣದ ಸರಳನ್ನು ನೆಲದಿಂದ ಎತ್ತಿ ನೆಟ್ಟಗೆ ನಿಂತೆ, ಕಣ್ಣಿಗೆ ಕತ್ತಲೆ ಕವಿಯಿತು. ಸರಳು ಕೈಜಾರಿ ದಢಾರನೆ ಬಿತ್ತು. ಅಂದಿನಿಂದ ಹೋದಾಗಲೆಲ್ಲ ಇದೇ ಹಾಡು. ತಿಂಡಿ ತಿಂದು ಹೋದೆ, ತಿನ್ನದೆ ಹೋದೆ, ನೀರು ಕುಡಿದೆ, ತೂಕ ಇಳಿಸಿದೆ. ಗಿಣಿ ಹೇಳಿದಂತೆ ಉಸಿರು ಬಿಟ್ಟೂ ಬಿಟ್ಟೂ ಸಾಕಾಯಿತು. ಅಕ್ಕನಿಗೆ ಹೇಳಿದರೆ "ನಾನು ಹೇಳಲಿಲ್ವಾ?" ಎನ್ನುತ್ತಾಳೆಂದು ಬಹಳ ದಿನ ಬಾಯಿ ಮುಚ್ಚಿಕೊಂಡಿದ್ದೆ. ಕೊನೆಗೆ ಹೇಳಿದೆ. ಅವಳು ಅದನ್ನೇ ಅಂದಳು.

ಅವಳ ಗೋಳು ಬೇರೆಯೇ ಶುರುವಾಗಿತ್ತು.

"ನಿನ್ನ ಮಿಷನ್ ಸದ್ದಿಗೆ ಹಿಂದಲೆ ಸಿಡೀತಿದೆ ಕಣೇ."

"ಇಷ್ಟು ವರ್ಷ ಇಲ್ಲದ್ದು ಈಗ ಬಂತಾ? ಕಿವಿಗೆ ಹತ್ತಿ ಇಟ್ಕೋ," ಎಂದು ನಾನು ಮಿಷನ್ ತುಳಿಯುತ್ತಲೇ ಇದ್ದೆ.

ಆ ದಿನ ಜಿಮ್ಮಿನಲ್ಲಿ ಖಾಲಿ ಸರಳಿಗೇ ಕುಸಿದು ಕೂತೆ. ಗಿಣಿ ಓಡಿಬಂದು ನನ್ನನ್ನು ಮಲಗಿಸಿ, ಕಾಲು ಎತ್ತರಕ್ಕೆ ಇಟ್ಟು, ಬಿಪಿ ನೋಡುವ ಮಿಷನ್ನಿನ ಪಟ್ಟಿಯನ್ನು ತೋಳಿಗೆ ಸುತ್ತಿದ. ಎರಡು ಸಲ ನೋಡಿದ.

"ತುಂಬಾ ಕಡಿಮೆ ಇದೆ ಮೇಡಂ. ನೀವು ಬಿಪಿ ಮಾತ್ರೆ ತಗೋತೀರಾ?"

"ನಾನ್ಯಾಕೆ ತಗೊಳ್ಳಲಿ? ಅದು ನಮ್ಮಕ್ಕನ..."

ಅಕ್ಕ ಅಡುಗೆಮನೆಯ ಡಬ್ಬಿ, ಬಾಟಲಿಗಳನ್ನೆಲ್ಲ ತೊಳೆದು ಹೊಸದಾಗಿ ತುಂಬಿದ್ದು ನೆನಪಾಯಿತು. ನನಗೆ ಮೊದಲು ತಲೆ ಸುತ್ತಿದ್ದು ಅದಾದ ಮೇಲೆಯೇ. ಅವಳ ತಲೆ ಸಿಡಿಯತೊಡಗಿದ್ದೂ ಆಮೇಲೆಯೇ. ತೊಳೆದ ಮುಚ್ಚಳಗಳು ಅದಲುಬದಲಾಗಿದ್ದವು. ದಿನಾ ಬೆಳಗ್ಗೆ ಅವಳ ಮಾತ್ರೆಯನ್ನು ನಾನು ನುಂಗುತ್ತಿದ್ದೆ. ಹಾಗಾದರೆ ಇಷ್ಟು ದಿನ ಅವಳು ನುಂಗುತ್ತಿದ್ದದ್ದೇನು?

ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ನನ್ನ ಮುಖ ನೋಡಿ ಗಿಣಿ ಏನೂ ಕೇಳದೆ ಕಾರಿನ ಕೀ ತೆಗೆದ.

ಬಾಗಿಲು ತೆರೆದೆ. ಅಕ್ಕ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ಫೋನು ಅವಳ ಮಡಿಲಲ್ಲೇ ಇತ್ತು. ಬಲಗೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡುತ್ತಿದ್ದಳು. ನನ್ನನ್ನು ಕಂಡು ಏನೋ ಹೇಳಿದಳು, ಒಂದಕ್ಷರವೂ ತಿಳಿಯಲಿಲ್ಲ. ಬಾಯಿ ಒಂದು ಕಡೆ ಜೋತಿತ್ತು.

ಅವಳ ಕಂಕುಳಿಗೆ ಕೈಹಾಕಿ ಎತ್ತಲು ಹೋದೆ. ಇಷ್ಟು ತಿಂಗಳು ಕಬ್ಬಿಣ ಎತ್ತಿ ಕಲಿತವಳು ನಾನು. ಎರಡು ಮೊಳ ಎತ್ತುವಷ್ಟರಲ್ಲಿ ಕಣ್ಣು ಕತ್ತಲಿಟ್ಟು, ಅವಳ ಪಕ್ಕದಲ್ಲೇ ಮಂಡಿಯೂರಿ ಕುಸಿದೆ. ಅವಳನ್ನು ಕಾಯಬೇಕಾಗಿದ್ದ ಮದ್ದು ನನ್ನ ಹೊಟ್ಟೆಯಲ್ಲಿ ಕೂತು ನನ್ನನ್ನೇ ಬೀಳಿಸಿತ್ತು. ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

"ನೀವು ಪಕ್ಕಕ್ಕೆ ಸರೀರಿ ಮೇಡಂ," ಎಂದು ಗಿಣಿ ಅವಳನ್ನು ಮಗುವಿನಂತೆ ಎತ್ತಿಕೊಂಡ. ನಾನು ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದೆ. ಮುಂದೆ ಇಳಿಯುತ್ತಿದ್ದ ಅವನು ಅಕ್ಕನಿಗೋ ನನಗೋ ತಿಳಿಯದು, "ಉಸಿರು ಬಿಡಿ, ಉಸಿರು ಬಿಡಿ" ಎನ್ನುತ್ತಲೇ ಇದ್ದ.

ಬೇಗ ಕರೆತಂದದ್ದರಿಂದ ಬದುಕಿದರು ಎಂದರು ಆಸ್ಪತ್ರೆಯ ಡಾಕ್ಟರು. ಮಾತು ಒಂದೊಂದೇ ಮರಳತೊಡಗಿತು. ಬಲಗೈಯ ವಿಷಯ ಈಗಲೇ ಹೇಳಲಾಗದು ಎಂದರು.

"ಯಾಕೆ ಹಿಂಗಾಯ್ತೇ?" ಎಂದು ಅಕ್ಕ ತೊದಲುತ್ತಾ ಕೇಳಿದಳು.

ಹೇಳಬಾರದೆಂದುಕೊಂಡಿದ್ದೆ. ಆದರೆ ಹುಟ್ಟಿದಾಗಿನಿಂದ ಅವಳಿಗೆ ಸುಳ್ಳು ಹೇಳಿ ಗೆದ್ದವಳಲ್ಲ ನಾನು. ಮುಚ್ಚಳದ ಸಂಗತಿ ಹೇಳಿದೆ. ಅವಳು ದಿಗಿಲಿನಿಂದ ನನ್ನನ್ನೇ ನೋಡಿದಳು. ಕಣ್ಣು ತುಂಬಿ ಬಂತು. ಪಾಪ, ತನ್ನ ಕೈಯಾರೆ ತಾನೇ ಹೀಗೆ ಮಾಡಿಕೊಂಡೆ ಎಂದು ಅಳುತ್ತಾಳೆ ಎಂದುಕೊಂಡೆ.

"ಹಂಗಾದ್ರೆ ನಿನಗೆ ತಲೆ ಸುತ್ತಿದ್ದು... ನನ್ನಿಂದಾನಾ ಪುಟ್ಟಿ?"

ನಾನು ಅವಳ ಹೊದಿಕೆ ಸರಿಮಾಡಿದೆ.

"ಆ ಕಬ್ಬಿಣ ನಿನ್ನ ಮೇಲೆ ಬಿದ್ದಿದ್ರೆ?"

ಚೆನ್ನಾಗಿದ್ದ ಎಡಗೈಯಿಂದ ನನ್ನ ತಲೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಎಲ್ಲಾದರೂ ಪೆಟ್ಟಾಗಿದೆಯೇ ಎಂದು ಕೂದಲೊಳಗೆ ಬೆರಳಾಡಿಸಿ ಹುಡುಕತೊಡಗಿದಳು.