ಪರದೆಯ ಮೇಲೆ ತೆವಳಿದ ಸಾಲುಗಳು

ಹಾರೋಹಳ್ಳಿಯ ಬೋಲ್ಟು ಕಾರ್ಖಾನೆಯ ಕಂಪ್ಯೂಟರ್ ಕೋಣೆ ಆರು ವರ್ಷದಿಂದ ಅಶ್ವಥನದೇ ರಾಜ್ಯ. ಜಾರಾ ಬಂದ ಮೇಲೆ ಮ್ಯಾನೇಜರ್ ಹನುಮಂತಯ್ಯ ಎಲ್ಲದಕ್ಕೂ "ಆ ಹುಡುಗೀನ ಒಸಿ ಕೇಳಯ್ಯ" ಎನ್ನತೊಡಗಿದರು. ರಾಮನಗರದ ರೇಷ್ಮೆ ನೂಲು ತೆಗೆಯುವವರ ಮಗಳು. ಕೆಲಸಕ್ಕೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅಶ್ವಥ್ ಕೀಲಿಮಣೆಯನ್ನು ಇನ್ನಷ್ಟು ಜೋರಾಗಿ ಕುಟ್ಟುತ್ತಿದ್ದ.

ಆ ವಾರ ಕಾರ್ಖಾನೆಯ ಲೆಕ್ಕವೆಲ್ಲ ಇಟ್ಟುಕೊಂಡ ಲಿನಕ್ಸ್ ಸರ್ವರಿನ ಪರದೆ ಕೈಕೊಟ್ಟಿತು. ಉತ್ಪಾದನೆಯ ಪಟ್ಟಿ ತೆರೆದರೆ ಸಾಲುಗಳು ಒಂದೊಂದಾಗಿ ತೆವಳುತ್ತಿದ್ದವು.

"ಮಿಷನ್ನು ಹಳೇದಾಯ್ತು ಸಾರ್, ಹೊಸದು ತರ್ಸದೇ ವಾಸಿ" ಎಂದು ಹನುಮಂತಯ್ಯನವರಿಗೆ ಹೇಳಿಬಿಟ್ಟ ಅಶ್ವಥ್.

ಅವರು ಹೋದ ಮೇಲೆ ಜಾರಾ ತನ್ನ ಮೇಜಿನ ಕಂಪ್ಯೂಟರಿನಿಂದ, ಪಟ್ಟಿ ನೋಡಲಷ್ಟೇ ಬಿಡುವ ತನ್ನ ಪಾಸ್‌ವರ್ಡ್ ಹಾಕಿ ಸರ್ವರಿನೊಳಗೆ ಹೋಗಿ ಅದೇ ಪಟ್ಟಿ ತೆರೆದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಪೂರ್ತಿ ಬಂತು.

"ಸರ್ವರ್ ಚೆನ್ನಾಗೇ ಐತೆ ಸಾರ್. ಪರದೆ ಮೇಲೆ ಅಕ್ಷರ ಬಿಡಿಸೋಕೆ ಒದ್ದಾಡ್ತೈತೆ, ಅಷ್ಟೆ. ಶುರುವಾಗೋವಾಗಲೇ ಅಕ್ಷರಾನೂ ಚಿತ್ರದಂಗೆ ಬಿಡಿಸೋ ಗ್ರಾಫಿಕ್ಸ್ ಬರೋ ಹಂಗೆ ಯಾರಾದ್ರೂ ಮಾಡವ್ರಾ?"

ಮಾಡಿದವನು ಅಶ್ವಥನೇ. ಸಣ್ಣ ಅಕ್ಷರ, ಮೂಲೆಯಲ್ಲೊಂದು ಲಿನಕ್ಸಿನ ಗುರುತಾದ ಪೆಂಗ್ವಿನ್ ಚಿತ್ರ: ತನಗೂ ಹೊಸದು ಗೊತ್ತು ಎಂದು ಅವಳಿಗೆ ತೋರಿಸಲೆಂದೇ ಹಿಂದಿನ ವಾರ ಸರ್ವರಿನ ಸೆಟ್ಟಿಂಗಿಗೆ ಆ ಒಂದು ಸಾಲು ಸೇರಿಸಿದ್ದ.

"ನಂಗೇನ್ ಗೊತ್ತಮ್ಮ?" ಎಂದ.

ಅವಳು ಊಟಕ್ಕೆ ಹೋದದ್ದೇ ತಡ, ಆ ಸಾಲು ಅಳಿಸಿ ಸರ್ವರನ್ನು ಆರಿಸಿ ಮತ್ತೆ ಹಚ್ಚಿದ. ಹಳೆಯ ದಪ್ಪ ಅಕ್ಷರಗಳು ದಬದಬನೆ ಓಡಿದವು.

"ಭೇಷ್ ಕಣಯ್ಯ! ಹೆಂಗ್ ಕಂಡುಹಿಡಿದೆ?" ಎಂದರು ಒಳಗೆ ಬಂದ ಹನುಮಂತಯ್ಯ.

ಅಶ್ವಥ್ ಗ್ರಾಫಿಕ್ಸಿನ ತೊಂದರೆಯನ್ನು ತಾನೇ ಕಂಡುಹಿಡಿದವನಂತೆ ವಿವರಿಸಿದ. ಜಾರಾಳ ಹೆಸರಾಗಲಿ, ತಾನು ಸೇರಿಸಿದ್ದ ಸಾಲಾಗಲಿ ನಾಲಿಗೆಗೆ ಬರಲಿಲ್ಲ. ತಿರುಗಿದರೆ ಬಾಗಿಲಲ್ಲಿ ಅವಳೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡು. ಈಗ ಮಾನ ಹೋಯಿತು ಎಂದುಕೊಂಡ.

"ಸರಿಹೋಯ್ತಾ ಸಾರ್?" ಎಂದು ಅವಳು ಓಡಿ ಬಂದು ಪಟ್ಟಿಯನ್ನು ಎರಡೆರಡು ಸಲ ಓಡಿಸಿ ನಕ್ಕಳು. ಆ ನಗುವಿನಲ್ಲಿ ಕೊಂಕಿರಲಿಲ್ಲ. ಅದೇ ಅವನನ್ನು ಹೆಚ್ಚು ಸುಟ್ಟಿತು. ಹೊಗಳಿಕೆ ಕೈತಪ್ಪಿದರೂ ನಗುತ್ತಾಳಲ್ಲ, ಅಷ್ಟು ದೊಡ್ಡ ಮನಸ್ಸು ಇವಳಿಗೆಲ್ಲಿಂದ ಬಂತು?

ಮಧ್ಯಾಹ್ನ ಟೀ ಆರುವವರೆಗೂ ಕುಡಿಯದೆ ಕೂತಿದ್ದು, ಕೊನೆಗೆ ಮ್ಯಾನೇಜರ್ ಕೋಣೆಗೆ ಹೋದ.

"ಸಾರ್, ಕೆಡಿಸಿದ್ದು ನಾನು. ಕಂಡುಹಿಡಿದಿದ್ದು ಜಾರಾ."

ಹನುಮಂತಯ್ಯ ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. "ಹಂಗಾದ್ರೆ ಸರ್ವರಿನ ಮೇನ್ ಪಾಸ್‌ವರ್ಡ್ ಅವಳಿಗೂ ಕೊಡು."

ಕೊಟ್ಟ. ತೀರಾ ಮೆಲ್ಲಗೆ ಹೇಳಿದ್ದರಿಂದ ಕೊನೆಯ ಅಕ್ಷರವನ್ನು ಎರಡು ಸಲ ಹೇಳಬೇಕಾಯಿತು.