ಹಳ್ಳಕ್ಕೆ ಇಳಿದ ಗಾಲಿ ಗುರುತು

ಇದನ್ನು ಹೇಳಲು ನಾನು ತಕ್ಕವನಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ಹಗಲು ಛಾಪಖಾನೆಯಲ್ಲಿ ಕರಡು ತಿದ್ದಿ, ಸಂಜೆ ಕಾಲೇಜಿನಲ್ಲಿ ಓದಿದವನು. ಕಂಡದ್ದನ್ನು ಬರೆಯುವ ಧೈರ್ಯ ಇಷ್ಟು ವರ್ಷ ಬರಲಿಲ್ಲ.

೧೯೯೯ರ ಜುಲೈ, ಒಂದು ಭಾನುವಾರ. ದೇಶಪಾಂಡೆ ನಗರದ ನನ್ನ ಗೆಳೆಯ ಶಶಿಕಾಂತ ಯಾರಿಂದಲೋ ದಪ್ಪ ಟೈರಿನ ಹಳೆಯ ಗೇರ್ ಸೈಕಲ್ ಕೊಂಡಿದ್ದ. ನಾನು ನನ್ನ ಸಾದಾ ಸೈಕಲ್ಲಿನಲ್ಲಿ ಅವನ ಜೊತೆ ಸುಳ್ಳ ಎಂಬ ಹಳ್ಳಿಯವರೆಗೆ ಹೋಗಿದ್ದೆ. ವಾಪಸು, ಹಳ್ಳ ದಾಟಿ ಹೋಗುವ ಬಂಡಿ ದಾರಿ ಹಿಡಿಯೋಣ ಎಂದವನು ನಾನೇ.

“ಹಳ್ಳದಾಗ ನೀರ ಎಷ್ಟ ಐತಿ?” ಎಂದು ಕೇಳಿದ.

“ಹಿಮ್ಮಡ ಮುಣಗೂದಿಲ್ಲ, ನಡಿ,” ಎಂದೆ. ನೋಡಿರಲಿಲ್ಲ. ಹಿಂದಿನ ವಾರದ ನೆನಪಿನ ಮೇಲೆ ಹೇಳಿಬಿಟ್ಟೆ.

ಎರೆಮಣ್ಣಿನ ದಾರಿಗೆ ಇಳಿಯುವ ಮೊದಲು ಮಡ್‌ಗಾರ್ಡ್ ಬಿಚ್ಚಬೇಕು, ಇಲ್ಲದಿದ್ದರೆ ಕೆಸರು ತುಂಬಿ ಗಾಲಿ ನಿಲ್ಲುತ್ತದೆ. ನಾನು ಚಹಾದಂಗಡಿ ಮುಂದೆ ನಟ್ಟು ಬಿಚ್ಚುತ್ತ ಕೂತೆ.

“ನೀ ಕೆಸರ ಕೆರಕೋತ ಬಾರಲೇ, ನಾ ಮನ್ಯಾಗ ಚಾ ಕುಡದು ಮಲಗಿರ್ತೇನಿ,” ಎಂದು ನಕ್ಕು ಶಶಿಕಾಂತ ಮುಂದೆ ಹೋದ.

ಊರು ದಾಟಿದ ಮೇಲೆ ಅವನ ಗಾಲಿ ಗುರುತು ಸಿಕ್ಕಿತು. ಹಿಂದಿನ ಟೈರಿಗೆ ಪಂಕ್ಚರ್ ಅಂಗಡಿಯ ಶರೀಫಸಾಬರು ಹಾಕಿದ್ದ ಹೊಲಿಗೆ, ಸುತ್ತಿಗೊಮ್ಮೆ ಅಡ್ಡಗೀಟಾಗಿ ಮೂಡಿತ್ತು. ನಾನು ಇಪ್ಪತ್ತು ಮಾರಿಗೊಮ್ಮೆ ಇಳಿದು ಕಡ್ಡಿಯಿಂದ ಗಾಲಿ ಕೆರೆಯುತ್ತಿದ್ದೆ. ಅರ್ಧ ತಾಸಿನ ಮೇಲೆ ಹೊಳೆಯಿತು: ಆ ಗುರುತಿನ ಪಕ್ಕದಲ್ಲಿ ಒಂದೂ ಹೆಜ್ಜೆಯಿಲ್ಲ. ಕೆರೆದು ಬಿಸಾಡಿದ ಒಂದು ಕೆಸರುಂಡೆಯೂ ಇಲ್ಲ. ಆ ಮಣ್ಣಿನಲ್ಲಿ ಸೈಕಲ್ಲಿನಿಂದ ಇಳಿಯದೆ ಅಷ್ಟು ದೂರ ಯಾರೂ ಹೋಗಲಾರರು. ತಿರುಗಿ ನೋಡಿದೆ. ಹಿಂದೆಲ್ಲ ನನ್ನವೇ ಹೆಜ್ಜೆಗಳು, ನನ್ನವೇ ಉಂಡೆಗಳು.

ಹಳ್ಳ ಬಂತು. ಮೇಲೆಲ್ಲೋ ಮಳೆಯಾಗಿ ನೀರು ಎದೆಯೆತ್ತರ ಹರಿಯುತ್ತಿತ್ತು. ಗುರುತು ನೆಟ್ಟಗೆ ನೀರಿಗೆ ಇಳಿದಿತ್ತು.

“ಶಶೀ!” ಎಂದು ಕೂಗುತ್ತ ಸೊಂಟದವರೆಗೆ ಇಳಿದೆ. ದಂಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಫಕೀರವ್ವ ಎಂಬ ಮುದುಕಿ ಓಡಿ ಬಂದು ಅಂಗಿ ಹಿಡಿದೆಳೆದಳು.

“ಹುಚ್ಚ ಹಿಡದೈತೇನೋ ಯಪ್ಪಾ? ಹೆಂಡ್ತಿ ಮ್ಯಾಲೆ ಸಿಟ್ಟಿದ್ರ ಒಂದ ಹೊತ್ತ ಊಟಾ ಬಿಡು, ಹಳ್ಳಕ್ಕ ಯಾಕ ಬೀಳ್ತಿ!”

“ನನ್ನ ಗೆಳೆಯಾ ಇದರಾಗ ಹೋಗ್ಯಾನ ಯವ್ವಾ, ಸೈಕಲ್ ಸುದ್ದಾ!”

“ಮುಂಜಾನಿಂದ ಇಲ್ಲೇ ಅದೇನಿ. ಯಾವ ಸೈಕಲ್ಲೂ ಬಂದಿಲ್ಲ.”

ಗುರುತು ತೋರಿಸಿದೆ. ಅವಳು ಬಗ್ಗಿ ನೋಡಿದಳು. ಆಮೇಲೆ ಎಮ್ಮೆ ಹೊಡೆದುಕೊಂಡು ಲಗುಬಗೆಯಿಂದ ಹೋಗಿಬಿಟ್ಟಳು.

ಸೈಕಲ್ ಹೆಗಲಿಗೇರಿಸಿ ಸುಳ್ಳಕ್ಕೆ ಮರಳಿ, ರಸ್ತೆ ಹಿಡಿದು, ನಾಲ್ಕಕ್ಕೆ ಶಶಿಕಾಂತನ ಮನೆ ಮುಟ್ಟಿದೆ. ಅವನ ತಾಯಿಗೆ ಏನು ಹೇಳಲಿ ಎಂದು ದಾರಿಯುದ್ದಕ್ಕೂ ವಾಕ್ಯ ತಿದ್ದುತ್ತ ಬಂದಿದ್ದೆ. ಬಾಗಿಲು ತೆರೆದವನು ಅವನೇ, ಕೈಯಲ್ಲಿ ಚಹಾ.

“ಬಂದ್ರೇನ್ರಿ, ಕೆಸರಿನ ಸಾಹೇಬ್ರ! ಊರ ಹೊರಗ ಟ್ರ್ಯಾಕ್ಟರ್ ಸಿಕ್ತು, ಸೈಕಲ್ ಹಾಕ್ಕೊಂಡ ರೋಡ್ ಮ್ಯಾಲೆ ಬಂದೆ. ಬಂಡಿ ದಾರಿ ಇಳೀಲೇ ಇಲ್ಲ.”

ಅವನ ಗಾಲಿಗಳು ಕೆಸರಿಲ್ಲದೆ ಒಣಗಿದ್ದವು. ನಾನು ಹೊಸ್ತಿಲಲ್ಲೇ ಕೂತು ಸಂತೋಷಕ್ಕೆ ಅತ್ತೆ. ಆ ಗುರುತು ಮತ್ತೆ ಯಾರದಿರಬಹುದು ಎಂಬ ಪ್ರಶ್ನೆ ಅಂದು ನನ್ನಲ್ಲಿ ಏಳಲೇ ಇಲ್ಲ. ನನ್ನ ನಾಚಿಕೆ ಅದರದು.

ಮರುದಿನ ಶರೀಫಸಾಬರನ್ನು ಕೇಳಿದೆ. “ಅಂಥಾ ಹೊಲಿಗಿ ಎಷ್ಟ ಟೈರಿಗೆ ಹಾಕೇನೋ, ಯಾರ್ಯಾರ್ದು ಅಂತ ನೆನಪಿಡ್ಲಿ ತಮ್ಮಾ?” ಎಂದರು. ಸುತ್ತಲಿನ ಊರುಗಳಲ್ಲಿ, ಪೊಲೀಸ್ ಠಾಣೆಯಲ್ಲಿ ವಿಚಾರಿಸಿದೆ. ಕಾಣೆಯಾದವರು ಯಾರೂ ಇರಲಿಲ್ಲ. ನೀರು ಇಳಿದ ಮೇಲೆ ಹಳ್ಳದಲ್ಲಿ ಸೈಕಲ್ಲೂ ಸಿಗಲಿಲ್ಲ.

ಅಂದು ಆ ನೀರಿಗೆ ಯಾರಾದರೂ ಇಳಿದಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ.